ಪೆಟ್ರೋಲು ಮುಳ್ಳಿನ ಮರ್ಯಾದೆ

ವರ್ಷಗಟ್ಟಲೆ ಶೆಡ್ಡಿನಲ್ಲಿ ನಿಂತಿದ್ದ ಕಾರಿಗೆ ಹೊಸ ಬ್ಯಾಟರಿ ಬಂತು. ಯಜಮಾನಿ ಕೀಲಿ ತಿರುಗಿಸಿದೊಡನೆ ಪೆಟ್ರೋಲು ತೋರಿಸುವ ಮುಳ್ಳು ಸರ್ರನೆ ಮೇಲೇರಿ, "ಟ್ಯಾಂಕು ತುಂಬಿದೆ!" ಎಂದು ಸಾರಿತು. ಎಂಜಿನ್ ಮಾತ್ರ ಕೆಮ್ಮಿ ಸುಮ್ಮನಾಯಿತು.

"ಇವತ್ತು ಹೊರಡದಿದ್ದರೆ ನಾಳೆ ಗುಜರಿಗೆ," ಎನ್ನುತ್ತ ಯಜಮಾನಿ ಟ್ಯಾಂಕಿನೊಳಗೆ ರಬ್ಬರ್ ಕೊಳವೆ ಇಳಿಬಿಟ್ಟರು.

ಮುಳ್ಳು ಸಿಡುಕಿತು. "ಏನಯ್ಯ ಕೊಳವೆ, ತುಂಬಿದ್ದನ್ನು ಬರಿದು ಮಾಡಲು ಬಂದೆಯಾ? ನನ್ನ ಮರ್ಯಾದೆ ಏನಾಗಬೇಕು?"

"ಅಮ್ಮಾ, ಎಷ್ಟಿದೆ ಎಂಬುದು ನಿಮಗೆ ಗೊತ್ತು," ಎಂದಿತು ಕೊಳವೆ. " ಹೇಗಿದೆ ಎಂಬುದು ನನ್ನ ಬಾಯಿಗೆ ಗೊತ್ತು. ಇದು ಹಳಸಿ ವಾರ್ನಿಷ್ ವಾಸನೆ ಹೊಡೆಯುತ್ತಿದೆ."

ಮುಳ್ಳು ಎಂಜಿನ್ನನ್ನು ಕೇಳಿತು. "ನೀನೇ ಹೇಳು, ನಾನು ಸುಳ್ಳು ಹೇಳಿದೆನೆ?"

"ಸುಳ್ಳಲ್ಲ ಅಕ್ಕಾ. ಆದರೆ ಒಂದು ಗುಟುಕೂ ಗಂಟಲಿಗೆ ಇಳಿಯುತ್ತಿಲ್ಲ."

ಮುಳ್ಳಿಗೆ ಗುಜರಿಯ ಮಾತು ನೆನಪಾಯಿತು. ಬಿಚ್ಚಿ ಹಾಕಿದ ಕಾರಿನಲ್ಲಿ ತನ್ನ ತುಂಬಿದ ಟ್ಯಾಂಕನ್ನು ಯಾರಿಗೆ ತೋರಿಸುವುದು? ಅದು ಗಂಭೀರವಾಗಿ ಅಪ್ಪಣೆ ಕೊಟ್ಟಿತು. "ಎಳೆಯಯ್ಯ. ಒಂದು ತೊಟ್ಟೂ ಉಳಿಸಬೇಡ."

ಕಂದು ತಿರುಗಿದ ಪೆಟ್ರೋಲೆಲ್ಲ ಡಬ್ಬಕ್ಕೆ ಇಳಿಯಿತು. ಯಜಮಾನಿ ಸ್ವಲ್ಪ ಹೊಸ ಪೆಟ್ರೋಲು ಸುರಿದು ಮತ್ತೆ ಕೀಲಿ ತಿರುಗಿಸಿದರು. ಮುಳ್ಳು ತಳದಿಂದ ಕೂದಲೆಳೆಯಷ್ಟು ಎದ್ದಿತು. ಎಂಜಿನ್ ಗುಡುಗಿತು, ಕಾರು ಗೇಟು ದಾಟಿತು.

ಬೀದಿಯಲ್ಲಿ ನಿಂತಿದ್ದ ಸ್ಕೂಟರು ಕಿಟಕಿಯೊಳಗೆ ಇಣುಕಿ ನಕ್ಕಿತು. "ಏನಕ್ಕಾ, ತಲೆ ಇಷ್ಟು ಕೆಳಗೆ?"

"ಕೆಳಗಿದೆ, ನಿಜ," ಎಂದಿತು ಮುಳ್ಳು, ಹಳೆಯ ಗತ್ತಿನಲ್ಲೇ. "ಆದರೆ ನೀನು ನಿಂತಿದ್ದೀಯೆ. ನಾನು ಹೊರಟಿದ್ದೇನೆ."