ನೇರಳಗುಂಡಿಗೆ ಹೋದ ರಾಜ

“ಗುರುಗಳೇ, ಹಿರಿಯರು ಮಾಡಿದ ಪಾಪ ಅವರೊಂದಿಗೇ ಸಾಯುವುದಿಲ್ಲವೇ?” ಎಂದು ಅರಸುಮನೆತನದಿಂದ ಬಂದ ಶಿಷ್ಯ ದೇವರಸ ಕೇಳಿದ.

ಗುರುಗಳು ಹೇಳತೊಡಗಿದರು.

ಕಡಲತೀರದಲ್ಲಿ ಒಬ್ಬ ರಾಜನಿದ್ದ. ಒಳ್ಳೆಯವನು. ಅವನ ಮುತ್ತಜ್ಜ ಮಾತ್ರ ಘಟ್ಟದ ಊರುಗಳಿಗೆ ದಂಡು ಕಳಿಸಿ, ಸಿಕ್ಕವರನ್ನು ಹಗ್ಗದಲ್ಲಿ ಕಟ್ಟಿ ಇಳಿಸಿ, ಹಡಗಿನವರಿಗೆ ಮಾರುತ್ತಿದ್ದ. ಅರಮನೆ ಎದ್ದದ್ದೇ ಹಾಗೆ. ರಾಜನಿಗೆ ಇದು ಗೊತ್ತಿತ್ತು. ಗೊತ್ತಿದ್ದೂ ಮಾತೆತ್ತುತ್ತಿರಲಿಲ್ಲ.

ಒಂದು ದಿನ ಕಡಲಾಚೆಯಿಂದ ಒಬ್ಬ ಮುದುಕಿ ಬಂದಳು. ಅಜ್ಜಿಯಿಂದ ಕಲಿತ ಹರಕುಮುರುಕು ಮಾತಿನಲ್ಲಿ, “ನನ್ನ ಅಜ್ಜಿಯನ್ನು ಇಲ್ಲಿಂದ ಮಾರಿದರಂತೆ. ಅವಳ ಊರು ನೇರಳಗುಂಡಿ. ಹೆಸರು ಗೊತ್ತು, ದಾರಿ ಗೊತ್ತಿಲ್ಲ” ಎಂದಳು.

“ತಾಯಿ, ನಾನು ಯಾರನ್ನೂ ಮಾರಿದವನಲ್ಲ” ಎಂದ ರಾಜ.

“ನನ್ನನ್ನೂ ಯಾರೂ ಮಾರಲಿಲ್ಲ, ಸ್ವಾಮಿ. ಆದರೂ ನನಗೆ ಊರಿಲ್ಲ.”

ರಾಜನಿಗೆ ಮುಖ ಎತ್ತಲಾಗಲಿಲ್ಲ. ಆ ದಾರಿ ಅವನ ಮನೆತನಕ್ಕೆ ಚೆನ್ನಾಗಿಯೇ ಗೊತ್ತಿತ್ತು. ಮರುದಿನ ಮುದುಕಿಯನ್ನು ಪಲ್ಲಕ್ಕಿಯಲ್ಲಿ ಕೂರಿಸಿ, ತಾನು ಕುದುರೆ ಏರಿ ಹೊರಟ. ಮೂರನೆಯ ದಿನ ರಾಜನಿಗೆ ನೇರಳಗುಂಡಿ ಕಂಡಿತು. ನೇರಳಗುಂಡಿಯವರಿಗೆ ಅರಮನೆಯ ಬಾವುಟ ಕಂಡಿತು. ಅವನು ಊರು ಹೊಗುವಷ್ಟರಲ್ಲಿ ಒಂದು ನರಪಿಳ್ಳೆಯೂ ಅಲ್ಲಿರಲಿಲ್ಲ. ಒಲೆಯ ಮೇಲೆ ಗಂಜಿ ಕುದಿಯುತ್ತಿತ್ತು. ತೊಟ್ಟಿಲು ಇನ್ನೂ ತೂಗುತ್ತಿತ್ತು, ಕೂಸು ಇರಲಿಲ್ಲ.

ಹೆದರಬೇಡಿ ಎಂದು ಕೂಗಲು ರಾಜ ಬಾಯಿ ತೆರೆದ. ತನ್ನ ದನಿ ಕೇಳಿದರೆ ಇನ್ನೂ ದೂರ ಓಡುತ್ತಾರೆಂದು ಹೊಳೆದು ಸುಮ್ಮನಾದ. ಕುದುರೆ, ಪಲ್ಲಕ್ಕಿ, ಬಾವುಟ, ಆಳುಗಳು, ಎಲ್ಲವನ್ನೂ ಹಿಂದಕ್ಕೆ ಕಳಿಸಿದ. ಮುದುಕಿಯೊಬ್ಬಳನ್ನೇ ಊರೊಳಗೆ ಬಿಟ್ಟು, ಹಳ್ಳದಾಚೆ ಒಂದು ಕಲ್ಲಿನ ಮೇಲೆ ಕುಳಿತ.

ಎರಡು ದಿನ ಕಳೆಯಿತು. ಕಾಡಿನಿಂದ ಒಬ್ಬೊಬ್ಬರೇ ಮರಳಿದರು. ಮುದುಕಿ ಅಜ್ಜಿಯ ಹೆಸರು ಹೇಳಿದಳು. ಊರಿನ ಹಿರಿಯನೊಬ್ಬ ಅವಳ ಮುಖವನ್ನು ಬಹಳ ಹೊತ್ತು ನೋಡಿ, ಕೈ ಹಿಡಿದು ತನ್ನ ಮನೆಗೆ ಕರೆದೊಯ್ದ. ಆಮೇಲೆ ಹಳ್ಳದ ತನಕ ಬಂದು ರಾಜನಿಗೆ, “ಅವಳು ನಮ್ಮವಳು. ನೀವಿನ್ನು ಹೊರಡಿ” ಎಂದ. ಕುಡಿಯಲು ನೀರು ಬೇಕೇ ಎಂದೂ ಕೇಳಲಿಲ್ಲ. ರಾಜ ಕೈಮುಗಿದು, ನಡೆದೇ ಘಟ್ಟ ಇಳಿದ.

ದೇವರಸನಿಗೆ ಸಮಾಧಾನವಾಗಲಿಲ್ಲ. “ಇದು ಅನ್ಯಾಯವಲ್ಲವೇ, ಗುರುಗಳೇ? ಪಾಪ ಮಾಡಿದವನು ಸತ್ತು ಎಷ್ಟೋ ಕಾಲವಾಗಿತ್ತು.”

“ಹಾಗಾದರೆ ಊರಿನವರು ಓಡಿದ್ದು ಯಾರನ್ನು ಕಂಡು?” ಎಂದರು ಗುರುಗಳು.