ಆಚೆ ದಡದ ಓತಿಕ್ಯಾತ

ಹಳ್ಳದ ನೀರು ಏರುತ್ತಿತ್ತು. ಅಳಿಲವ್ವನಿಗೆ ಮರಿಗಳನ್ನು ಆಚೆ ದಡ ಸೇರಿಸಬೇಕಿತ್ತು. ಬಳ್ಳಿಯ ಸೇತುವೆಗೆ ಈಚೆ ಗಂಟು ತನ್ನದು, ಆಚೆ ಗಂಟು ಅಲ್ಲಿರುವ ಓತಿಕ್ಯಾತನದು ಎಂದು ಮಾತಾಗಿತ್ತು. ಬಳ್ಳಿಯ ತುದಿಯನ್ನು ಅತ್ತ ತೇಲಿಬಿಟ್ಟು ಕೂಗಿದಳು: “ಹೊಂಗೆಯ ಬೇರಿಗೆ ಎರಡು ಸುತ್ತು ಸುತ್ತಿ ಬಿಗಿಯಪ್ಪ. ತಿಳೀತಾ?”

ಓತಿಕ್ಯಾತ ತಲೆಯಾಡಿಸಿದ.

ಸ್ವಲ್ಪ ಹೊತ್ತು ಬಿಟ್ಟು, “ಹೇಳಿದ ಹಾಗೇ ಕಟ್ಟಿದೆಯಾ?” ಎಂದಳು.

ಮತ್ತೆ ತಲೆಯಾಡಿಸಿದ. ಎದುರು ಮಾತಿಲ್ಲದೆ ತಲೆಯಾಡಿಸುವವನನ್ನು ಕಂಡರೆ ಯಾರಿಗೆ ತಾನೇ ಖುಷಿಯಾಗದು? ಅಳಿಲವ್ವ ಮೊದಲ ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಬಳ್ಳಿ ಹತ್ತಿದಳು. ನಡುಹಳ್ಳಕ್ಕೆ ಬಂದಾಗ ಆಚೆ ತುದಿ ಒಂದು ಹಿಡಿ ಜೊಂಡುಹುಲ್ಲಿನ ಸಮೇತ ಕಿತ್ತುಬಂತು. ಈಚೆ ಗಂಟು ಗಟ್ಟಿಯಿದ್ದದ್ದಕ್ಕೆ, ಬಳ್ಳಿಗೆ ಜೋತುಬಿದ್ದು ಮರಿಯೊಡನೆ ಹೇಗೋ ತನ್ನ ದಡಕ್ಕೇ ಮರಳಿದಳು.

“ಹುಲ್ಲಿಗೆ ಯಾಕೋ ಕಟ್ಟಿದೆ?” ಎಂದು ಮರಿಯನ್ನು ಕೆಳಗಿಟ್ಟು ಚೀರಿದಳು.

“ಇಲ್ಲಿ ಮೂರು ಮರ ಇವೆ ಅಕ್ಕ. ಹೊಂಗೆ ಯಾವುದು ಅಂತ ಗೊತ್ತಾಗಲಿಲ್ಲ. ಕೇಳಿದರೆ ದಡ್ಡ ಅಂದುಕೊಳ್ತೀಯೇನೋ ಅಂತ, ಕೈಗೆ ಸಿಕ್ಕಿದ್ದಕ್ಕೆ ಕಟ್ಟಿದೆ.”

ನೀರು ಇನ್ನೊಂದು ಗೇಣು ಏರಿತ್ತು. ಅಳಿಲವ್ವ ಸಿಟ್ಟು ನುಂಗಿಕೊಂಡು, ತುದಿಯನ್ನು ಮತ್ತೆ ತೇಲಿಬಿಟ್ಟಳು. “ಹೊಂಗೆ ಅಂದರೆ ನಡುವಿನ ಮರ. ಇನ್ನು ಮುಂದೆ ತಿಳಿಯದಿದ್ದರೆ ಬಾಯಿಬಿಟ್ಟು ಕೇಳಬೇಕು. ತಿಳೀತಾ?”

ಓತಿಕ್ಯಾತ ತಲೆಯಾಡಿಸಿದ.