ಹೆಸರು ಕೇಳಿದ ಇಡ್ಲಿ

ಸಂಖ್ಯಾಶಾಸ್ತ್ರದ ಮೇಡಂ ಮಂದಾಕಿನಿ ಕಂಪ್ಯೂಟರಿನ 'ಆರ್' ಭಾಷೆಯಲ್ಲಿ, ಮ್ಯಾಟ್ರಿಕ್ಸ್ ಎಂಬ ಅಂಕಿಗಳ ಚೌಕಪಟ್ಟಿಗಳನ್ನು ಗುಣಿಸುವ ಫಂಕ್ಷನ್ ಬರೆದು, ಅದರ ಮುಂದೆ ಎರಡು ಮ್ಯಾಟ್ರಿಕ್ಸ್ ಇಟ್ಟರು. ಮೊದಲನೆಯದರಲ್ಲಿ ಯಾವ ಹಾಸ್ಟೆಲಿಗೆ ಎಷ್ಟು ಇಡ್ಲಿ, ಎಷ್ಟು ದೋಸೆ ಎಂದಿತ್ತು. ಎರಡನೆಯದರಲ್ಲಿ ಒಂದು ಇಡ್ಲಿಗೆ, ಒಂದು ದೋಸೆಗೆ ಅಕ್ಕಿ ಎಷ್ಟು, ಉದ್ದು ಎಷ್ಟು ಎಂದಿತ್ತು.

"ಉತ್ತರದಲ್ಲಿ ಯಾರ ಹೆಸರಿರುತ್ತದೆ?" ಎಂದು ಮೊದಲ ಮ್ಯಾಟ್ರಿಕ್ಸಿನ ಇಡ್ಲಿ ಕಂಬಸಾಲು ಕೇಳಿತು.

"ಹಾಸ್ಟೆಲುಗಳದು, ಅಕ್ಕಿಯದು, ಉದ್ದಿನದು," ಎಂದಿತು ಫಂಕ್ಷನ್.

"ದುಡಿಯುವುದು ನಾನು, ಹೆಸರು ಅವರದೋ? ನಾನು ಹೊರಟೆ!"

ಇಡ್ಲಿ ಎದ್ದು ಹೋಯಿತು. ಮೊದಲನೆಯದರಲ್ಲಿ ಒಂದೇ ಕಂಬಸಾಲು ಉಳಿಯಿತು. ಎರಡನೆಯದರಲ್ಲಿ ಅಡ್ಡಸಾಲು ಎರಡಿದ್ದವು. ಫಂಕ್ಷನ್ ಕೆಲಸ ನಿಲ್ಲಿಸಿತು.

"ಅದರ ಕಂಬಸಾಲಿಗೂ ಇದರ ಅಡ್ಡಸಾಲಿಗೂ ಜೋಡಿ ಕೂಡುತ್ತಿಲ್ಲ. ಹಾಸ್ಟೆಲಿಗೆ ಅಕ್ಕಿಯ ಪರಿಚಯವಿಲ್ಲ, ಅಕ್ಕಿಗೆ ಹಾಸ್ಟೆಲಿನ ಪರಿಚಯವಿಲ್ಲ. ಇಬ್ಬರನ್ನೂ ಬಲ್ಲವರು ನೀನು ಮತ್ತು ದೋಸೆ ಮಾತ್ರ."

ಇಡ್ಲಿ ಬಿಗುಮಾನ ಬಿಡದೆಯೇ, "ಸರಿ, ಗುಣಿಸು," ಎಂದು ತನ್ನ ಜಾಗಕ್ಕೆ ಬಂದು ಕೂತಿತು.

ಉತ್ತರದ ಚೀಟಿ ಅಡುಗೆಯ ಚೆನ್ನಬಸಮ್ಮನವರ ಕೈ ಸೇರಿತು. ಅದರಲ್ಲಿ ಇಡ್ಲಿಯ ಹೆಸರು ಎಲ್ಲೂ ಇರಲಿಲ್ಲ. ಅವರು ಬರೆದಷ್ಟೇ ಅಕ್ಕಿ, ಉದ್ದು ಅಳೆದು, ನೆನೆಹಾಕಿ, ರುಬ್ಬಿಸಿದರು. ಯಾವ ಹಾಸ್ಟೆಲಿಗೂ ಹಿಟ್ಟು ಸಾಲದೆ ಹೋಗಲಿಲ್ಲ, ಒಂದು ಸೌಟೂ ಮಿಗಲಿಲ್ಲ.

ಮರುದಿನ ಬೆಳಿಗ್ಗೆ ಊಟದ ಕೋಣೆಯಲ್ಲಿ ಅಕ್ಕಿ ಎಂದವರಿಲ್ಲ, ಉದ್ದು ಎಂದವರಿಲ್ಲ. ಸಾಲು ಸಾಲಾಗಿ ತಟ್ಟೆ ಹಿಡಿದವರೆಲ್ಲ, "ಅಮ್ಮಾ, ಈ ಕಡೆ ಇಡ್ಲಿ!" ಎಂದು ಕೂಗುತ್ತಿದ್ದರು.